ಕಲಿಸುವವರನ್ನು ಆರಿಸುವಾಗ

ನಮ್ಮ ಸೀಮೆಯ ರೈತನು ಎತ್ತು ಕೊಳ್ಳಲು ಸಂತೆಗೆ ಹೋದರೆ ಬೇಗನೆ ಮರಳುವುದಿಲ್ಲ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಮೈಮೇಲಿನ ಸುಳಿಗಳನ್ನು ಹುಡುಕುತ್ತಾನೆ. ಗೊರಸು ಎತ್ತಿ ಪರೀಕ್ಷಿಸುತ್ತಾನೆ. ಹತ್ತು ಹೆಜ್ಜೆ ನಡೆಯಿಸಿ, ಬಂಡಿಗೆ ಹೂಡಿ, ಅದು ಹೆಗಲು ಕೊಡುವ ಬಗೆಯನ್ನು ಗಮನಿಸುತ್ತಾನೆ. ಇಷ್ಟಾದ ಮೇಲೂ ಜೊತೆಗೆ ಬಂದ ಹಿರಿಯರನ್ನು ಒಂದು ಮಾತು ಕೇಳದೆ ಹಣ ಎಣಿಸುವುದಿಲ್ಲ. ಅದೇ ರೈತನು ತನ್ನ ಮಗನನ್ನೋ ಮಗಳನ್ನೋ ಒಬ್ಬ ತರಬೇತುದಾರನ ಕೈಗೆ ಒಪ್ಪಿಸುವಾಗ ಮಾತ್ರ ಬಾಗಿಲ ಮೇಲಿನ ಫಲಕವನ್ನು ಓದಿ, ಕೈಮುಗಿದು, ಕೇಳಿದಷ್ಟು ಹಣ ಕೊಟ್ಟು ಬಂದುಬಿಡುತ್ತಾನೆ. ಗುರುವೆನಿಸಿಕೊಂಡವನನ್ನು ಪರೀಕ್ಷಿಸುವುದು ಮರ್ಯಾದೆಯಲ್ಲವೆಂಬ ಸಂಕೋಚ ನಮ್ಮ ಜನರಲ್ಲಿ ಬಹಳ ಹಳೆಯದು. ಆ ಸಂಕೋಚಕ್ಕೆ ಮಕ್ಕಳು ತೆರುವ ಬೆಲೆಯೂ ಅಷ್ಟೇ ಹಳೆಯದು.

ಕಲಿಸುವವರಿಗೆ ನಮ್ಮಲ್ಲಿ ಹೆಸರುಗಳು ಹಲವು. ಶಾಲೆಯಲ್ಲಿ ಮಾಸ್ತರರು, ಗರಡಿಮನೆಯಲ್ಲಿ ವಸ್ತಾದರು, ಸಂಗೀತದಲ್ಲಿ ಗುರುಗಳು. ಊರಿನಲ್ಲಿ ಬಯಲಾಟ ಕಟ್ಟಲು ಬಂದವರೂ ಮಾಸ್ತರರೇ. ಈಚೆಗೆ ಆಟದ ಬಯಲಿಗೆ ಕೋಚ್ ಎಂಬ ಹೆಸರು ಬಂದಿದೆ. ಹಣ ಪಡೆದು ಕಲಿಸುವುದನ್ನೇ ಬದುಕಿನ ವೃತ್ತಿಯಾಗಿ ಮಾಡಿಕೊಂಡವರು ಇವರು. ಹಣ ಪಡೆಯುವುದರಲ್ಲಿ ದೋಷವೇನೂ ಇಲ್ಲ. ಕಮ್ಮಾರನೂ ಬಡಿಗನೂ ಪಡೆಯುತ್ತಾರೆ. ಆದರೆ ಕಮ್ಮಾರನು ಕೆಡಿಸಿದ ಕುಡವನ್ನು ಮತ್ತೆ ಕಾಸಿ ಬಡಿಯಬಹುದು. ಹದಿನಾಲ್ಕರ ವಯಸ್ಸಿನಲ್ಲಿ ಕೆಟ್ಟ ಮೊಣಕಾಲನ್ನು ಹಾಗೆ ಸರಿಪಡಿಸಲಾಗುವುದಿಲ್ಲ.

ಇದನ್ನು ನಾನು ಕೇಳಿ ಬರೆಯುತ್ತಿಲ್ಲ. ನಾನು ಹುಡುಗನಾಗಿದ್ದಾಗ ನನಗಿಂತ ಎರಡು ವರ್ಷ ಹಿರಿಯನಾದ ಗೆಳೆಯನೊಬ್ಬ ಕುಸ್ತಿಯಲ್ಲಿ ಹೆಸರು ಮಾಡುತ್ತಿದ್ದ. ಅವನ ವಸ್ತಾದರು ಸ್ವತಃ ದೊಡ್ಡ ಪೈಲವಾನರು. ಒಂದು ಜಾತ್ರೆಯ ಕಾಲಕ್ಕೆ ಹುಡುಗನ ಮೊಣಕಾಲು ಬಾತಿತ್ತು. ವಸ್ತಾದರು ಎಣ್ಣೆ ಹಚ್ಚಿ ತಿಕ್ಕಿ, ಬಟ್ಟೆ ಬಿಗಿದು, ಅವನನ್ನು ಅಖಾಡಕ್ಕೆ ಇಳಿಸಿದರು. ಊರಿನ ಮಾನದ ಪ್ರಶ್ನೆ ಎಂದರು. ಆ ದಿನ ಊರಿನ ಮಾನ ಉಳಿಯಿತು, ಹುಡುಗ ಗೆದ್ದ. ಅವನು ಈಗಲೂ ನಮ್ಮೂರಿನಲ್ಲಿಯೇ ಇದ್ದಾನೆ, ಹೊಲದ ಬದುವನ್ನು ಹತ್ತುವಾಗ ಕೋಲನ್ನು ಊರುತ್ತಾನೆ. ವಸ್ತಾದರ ಮೇಲೆ ಅವನಿಗೆ ಸಿಟ್ಟಿಲ್ಲ. ಅದೇ ನನಗೆ ಹೆಚ್ಚು ನೋವಿನ ಸಂಗತಿ.

ನಮ್ಮ ಊರು ಕುಂದಗೋಳ ತಾಲೂಕಿನ ಕುಬಿಹಾಳ. ಎರೆಯ ಹೊಲಗಳ ಊರು. ಹತ್ತಿ, ಮೆಣಸಿನಕಾಯಿ, ಕಡಲೆ, ಜೋಳ ಇವುಗಳ ಲೆಕ್ಕದಲ್ಲಿಯೇ ವರ್ಷ ಕಳೆಯುತ್ತದೆ. ಮೊನ್ನಿನ ಬೇಸಿಗೆಯಲ್ಲಿ ನನ್ನ ತಮ್ಮನ ಮನೆಯಲ್ಲಿ ಒಂದು ಹೊಸ ಲೆಕ್ಕ ಹುಟ್ಟಿತು. ಅವನ ಮಗಳು ಒಂಬತ್ತನೆಯ ತರಗತಿಗೆ ಬಂದಿದ್ದಳು. ಶಾಲೆಯ ಓಟಗಳಲ್ಲಿ ಅವಳ ಹಿಂದೆ ಬರುವವರಿಗೂ ಅವಳಿಗೂ ನಡುವೆ ಬಹಳ ದೂರ ಉಳಿಯುತ್ತಿತ್ತು. ಅವಳನ್ನು ಹುಬ್ಬಳ್ಳಿಯಲ್ಲಿಯೋ ಧಾರವಾಡದಲ್ಲಿಯೋ ಒಳ್ಳೆಯ ತರಬೇತುದಾರರ ಬಳಿ ಬಿಡಬೇಕೆಂದು ಶಾಲೆಯ ಮಾಸ್ತರರು ಹೇಳಿಕಳುಹಿಸಿದರು. ಆ ವರ್ಷದ ಮೆಣಸಿನಕಾಯಿಯ ಹಣದಲ್ಲಿ ಒಂದು ಪಾಲನ್ನು ತಮ್ಮ ಇದಕ್ಕಾಗಿ ತೆಗೆದಿರಿಸಿದ. ಮನೆಯಲ್ಲಿ ಎಲ್ಲರಿಗೂ ಇದು ಒಪ್ಪಿಗೆಯಾಗಿರಲಿಲ್ಲ. ಇನ್ನೆರಡು ವರ್ಷಕ್ಕೆ ಓದು ಮುಗಿಸಿ ಮದುವೆಯ ಮಾತು ಆಡಬೇಕಾದ ಹುಡುಗಿಗೆ ಓಟವೇಕೆ ಎಂದವರೂ ಇದ್ದರು. ಆದ್ದರಿಂದ ಈ ಒಂದು ವರ್ಷ ವ್ಯರ್ಥವಾದರೆ ಅವಳಿಗೆ ಎರಡನೆಯ ವರ್ಷ ಸಿಕ್ಕುವಂತಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಅಣ್ಣಾ, ನೀ ಮೂವತ್ತು ವರ್ಷ ಮಾಸ್ತರಕಿ ಮಾಡೀದಿ. ಮಾಸ್ತರರನ್ನ ಮಾಸ್ತರರೇ ನೋಡಿ ತಿಳೀಬೇಕು. ನೀನೇ ಕರಕೊಂಡು ಹೋಗು” ಎಂದು ತಮ್ಮ ಹೊಣೆಯನ್ನು ನನ್ನ ಮೇಲೆ ಹೊರಿಸಿದ.

ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬರು, ಹೆಚ್ಚು ಕಪ್ಪುಗಳನ್ನು ಗೆದ್ದವರ ಹತ್ತಿರ ಬಿಡು ಎಂದರು. ಇನ್ನೊಬ್ಬರು, ಬಸ್ ನಿಲ್ದಾಣಕ್ಕೆ ಸಮೀಪದಲ್ಲಿರುವವರು ಸಾಕು ಎಂದರು. ಎರಡನೆಯ ಸಲಹೆಯಲ್ಲಿ ವಿವೇಕವಿಲ್ಲವೆಂದು ನಾನು ಹೇಳಲಾರೆ. ಆದರೆ ನನಗೆ ಆ ರಾತ್ರಿ ನೆನಪಾದದ್ದು ಬೇರೊಂದು. ಒಳ್ಳೆಯ ಗುರುವನ್ನು ಹುಡುಕಿಕೊಂಡು ಒಬ್ಬ ಹುಡುಗ ಇಡೀ ಭಾರತವನ್ನೇ ಸುತ್ತಿ, ಕೊನೆಗೆ ನಮ್ಮ ತಾಲೂಕಿನ ಊರಿಗೇ ಬಂದು ನಿಂತ ಕಥೆ ಅದು. ಓಟಕ್ಕೂ ಸಂಗೀತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ದೇಹವನ್ನೂ ಉಸಿರನ್ನೂ ಹದಗೊಳಿಸಿ, ಕಷ್ಟದ್ದನ್ನು ಸಹಜವಾಗಿಸುವ ವಿದ್ಯೆಗಳು ಇವೆರಡೂ. ಕಲಿಸುವವರ ಗುಣ ಎರಡು ಕಡೆಯೂ ಒಂದೇ.

ಆ ಹುಡುಗ ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿ, ಗದಗಿನಲ್ಲಿ ಬೆಳೆದವರು. ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ, ಹಾಗೆ ಹಾಡಲು ಕಲಿಯಲೇಬೇಕೆಂದು ಹಟ ತೊಟ್ಟು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆಬಿಟ್ಟು ಹೊರಟರು. ಗ್ವಾಲಿಯರಿಗೆ ಹೋದರು, ಕಲಕತ್ತೆ, ದಿಲ್ಲಿಗಳನ್ನು ಕಂಡರು, ಪಂಜಾಬಿನ ಜಾಲಂಧರವನ್ನು ಮುಟ್ಟಿದರು. ಹೋದಲ್ಲೆಲ್ಲ ಅಷ್ಟಿಷ್ಟು ಕಲಿತರು. ಜಾಲಂಧರದಲ್ಲಿ ಅವರಿಗೆ ಪಂಡಿತ ವಿನಾಯಕರಾವ ಪಟವರ್ಧನರ ಭೇಟಿಯಾಯಿತು. ಪಟವರ್ಧನರು ಸಾಮಾನ್ಯರಲ್ಲ, ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ತಾವೇ ಪುಣೆಯಲ್ಲಿ ಸಂಗೀತ ವಿದ್ಯಾಲಯವನ್ನು ಕಟ್ಟಿದವರು. ಹಂಬಲವುಳ್ಳ ಇಂತಹ ಹುಡುಗ ಎದುರಿಗೆ ನಿಂತಾಗ ‘ನನ್ನ ಜೊತೆ ಬಾ’ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. ನಿನ್ನ ಸೀಮೆಯಲ್ಲಿಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗು ಎಂದರು.

ಈ ಒಂದು ಮಾತಿನಲ್ಲಿ ನನಗೆ ಕಲಿಸುವವರ ಮೊದಲ ಲಕ್ಷಣ ಕಾಣುತ್ತದೆ. ಶಿಷ್ಯನ ಹಿತಕ್ಕೆ ತಾನು ಯೋಗ್ಯನಲ್ಲವೆಂದು ಕಂಡಾಗ, ಅಥವಾ ತನಗಿಂತ ತಕ್ಕವರು ಇದ್ದಾರೆಂದು ತಿಳಿದಾಗ, ಅವನನ್ನು ಅಲ್ಲಿಗೆ ಕಳುಹಿಸಬಲ್ಲವನು ಗುರು. ಬಂದವರನ್ನೆಲ್ಲ ಸೇರಿಸಿಕೊಳ್ಳುವವನು ಅಂಗಡಿಕಾರ. ಪಟವರ್ಧನರು ಭೀಮಸೇನರಿಗೆ ಒಂದು ರಾಗವನ್ನು ಕಲಿಸಿದ್ದರೂ ಇಷ್ಟು ದೊಡ್ಡ ಉಪಕಾರ ಮಾಡಿದಂತಾಗುತ್ತಿರಲಿಲ್ಲ.

1936ರಲ್ಲಿ ಸವಾಯಿ ಗಂಧರ್ವರು ಆ ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ರಾಮಭಾವು ಕುಂದಗೋಳಕರ ಎಂಬುದು ಅವರ ರೂಢಿಯ ಹೆಸರು. 1886ರಲ್ಲಿ ಕುಂದಗೋಳದಲ್ಲಿ ಜನಿಸಿದವರು. ಆಗ ಆ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಬ್ದುಲ್ ಕರೀಂ ಖಾನರಲ್ಲಿ ಹಲವು ವರ್ಷ ದುಡಿದು ಕಲಿತವರು. ಮರಾಠಿ ರಂಗಭೂಮಿಯಲ್ಲಿ ಹಾಡಿ ‘ಸವಾಯಿ ಗಂಧರ್ವ’ರೆನಿಸಿಕೊಂಡವರು. ಅವರ ಕಂಠ ಸ್ವಭಾವತಃ ಸುಲಭವಾಗಿ ಬಗ್ಗುವಂಥದ್ದಾಗಿರಲಿಲ್ಲ, ಸಾಧನೆಯಿಂದ ಅದನ್ನು ಒಲಿಸಿಕೊಂಡರು ಎಂದು ಬಲ್ಲವರು ಹೇಳುತ್ತಾರೆ. ನನಗೆ ಇದು ಮುಖ್ಯವೆನಿಸುತ್ತದೆ. ಹುಟ್ಟಿನಿಂದಲೇ ಎಲ್ಲವೂ ಒಲಿದು ಬಂದವನಿಗೆ ಇನ್ನೊಬ್ಬನು ಎಲ್ಲಿ ಎಡವುತ್ತಾನೆಂಬುದು ಹೊಳೆಯುವುದಿಲ್ಲ. ‘ಹೀಗೆ ಹಾಡು’ ಎಂದು ತಾನು ಹಾಡಿ ತೋರಿಸಿ ಸುಮ್ಮನಾಗುತ್ತಾನೆ. ತಾನೇ ಎಡವಿ ಎದ್ದವನಿಗೆ ದಾರಿಯ ಕಲ್ಲುಗಳ ಪರಿಚಯವಿರುತ್ತದೆ.

ಕುಂದಗೋಳದಲ್ಲಿ ಭೀಮಸೇನರು ಗುರುಗಳ ಮನೆಯಲ್ಲಿಯೇ ಇದ್ದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಅವರಿಗೆ ಗುರುಗಳು ರಾಗಗಳ ರಾಶಿಯನ್ನು ಸುರಿಯಲಿಲ್ಲ. ತೋಡಿ, ಮುಲ್ತಾನಿ, ಪೂರಿಯಾ ಇಂಥ ಕೆಲವೇ ರಾಗಗಳನ್ನು ಹಿಡಿದು ದೀರ್ಘಕಾಲ ತಿದ್ದಿದರು.

ಅದೇ ಕಾಲದಲ್ಲಿ, 1930ರ ದಶಕದ ಕೊನೆಯಲ್ಲಿ, ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದವರು ಗಂಗೂಬಾಯಿ ಹಾನಗಲ್ಲರು. ಆಗಲೇ ಅವರು ಮುಂಬಯಿಯಲ್ಲಿ ಹಾಡಿ, ಧ್ವನಿಮುದ್ರಿಕೆಗಳನ್ನು ಕೊಟ್ಟು, ಹೆಸರು ಪಡೆದ ಗಾಯಕಿ. ಮನೆ ಮಕ್ಕಳ ಭಾರವೂ ಅವರ ಮೇಲಿತ್ತು. ಹಾಗಿದ್ದರೂ ಗುರುಗಳು ಒಂದು ಚಿಕ್ಕ ಪಲುಕನ್ನು ಕೊಟ್ಟು, ಅದನ್ನೇ ಗಂಟೆಗಟ್ಟಲೆ ಹಾಡಿಸುತ್ತಿದ್ದರಂತೆ. ಆ ಪಲುಕು ಗಂಟಲಲ್ಲಿ ನೆಲೆಗೊಂಡಿತೆಂದು ಗುರುಗಳಿಗೆ ತೋರಿದ ಮೇಲೆಯೇ ಮುಂದಿನದು. ಬೇಸರವಾಗುವಷ್ಟು ಹಾಡಿಸುತ್ತಿದ್ದರೆಂದು ಗಂಗೂಬಾಯಿಯವರು ನೆನೆಯುತ್ತಿದ್ದರು; ಆದರೆ ಆ ನೆನಪಿನಲ್ಲಿ ದೂರಿರುತ್ತಿರಲಿಲ್ಲ. ಪಾಠ ಮುಗಿದ ಸಂಜೆ ಅವರನ್ನು ರೈಲು ನಿಲ್ದಾಣದವರೆಗೆ ಕಳುಹಿಸಿ ಬರುತ್ತಿದ್ದವರು ಕಿರಿಯ ಭೀಮಸೇನರು.

ಈ ಇಬ್ಬರ ಜೊತೆಗೆ ಮುಂಬಯಿಯ ಪಾರಸಿ ಮನೆತನದ ಫಿರೋಜ್ ದಸ್ತೂರರನ್ನೂ ಸೇರಿಸಿಕೊಂಡು ನೋಡಿ. ಒಬ್ಬನೇ ಗುರುವಿನ ಮೂವರು ಶಿಷ್ಯರು. ಗಂಗೂಬಾಯಿಯವರದು ಗಂಭೀರವಾದ, ಭಾರವಾದ ಕಂಠ. ಭೀಮಸೇನರದು ಮೋಡದಂತೆ ಮೊರೆದು ತಾನಗಳನ್ನು ಸುರಿಸುವ ಕಂಠ. ದಸ್ತೂರರದು ಅಬ್ದುಲ್ ಕರೀಂ ಖಾನರ ಮಾಧುರ್ಯವನ್ನು ನೆನಪಿಗೆ ತರುವ ಕಂಠ. ಮೂವರಲ್ಲಿ ಒಬ್ಬರನ್ನು ಇನ್ನೊಬ್ಬರೆಂದು ಯಾರೂ ತಪ್ಪು ತಿಳಿಯಲಾರರು. ಗುರುಗಳು ತಮ್ಮ ಅಚ್ಚನ್ನು ಮೂವರ ಮೇಲೆ ಒತ್ತಲಿಲ್ಲ. ಯಾವ ತರಬೇತುದಾರನ ಶಿಷ್ಯರೆಲ್ಲರೂ ಒಂದೇ ಬಗೆಯಲ್ಲಿ ಓಡುತ್ತಾರೆಯೋ, ಒಂದೇ ಬಗೆಯಲ್ಲಿ ಎಡವುತ್ತಾರೆಯೋ, ಅವನು ಶಿಷ್ಯರನ್ನು ನೋಡುತ್ತಿಲ್ಲ, ತನ್ನನ್ನೇ ನೋಡಿಕೊಳ್ಳುತ್ತಿದ್ದಾನೆಂದು ನಾನು ತಿಳಿಯುತ್ತೇನೆ.

ಕ್ರೀಡೆಯ ಲೋಕದಿಂದಲೂ ಒಂದು ಮಾತು ಹೇಳಬೇಕು. ಕೇರಳದ ಕಣ್ಣೂರಿನಲ್ಲಿ ಪಿ. ಟಿ. ಉಷಾ ಅವರನ್ನು ಎಳೆಯ ವಯಸ್ಸಿನಲ್ಲಿಯೇ ಗುರುತಿಸಿ ಬೆಳೆಸಿದ ಒ. ಎಂ. ನಂಬಿಯಾರರು ಮೊದಲು ವಾಯುಸೇನೆಯಲ್ಲಿದ್ದವರು. ಸ್ವತಃ ಒಲಿಂಪಿಕ್ ಓಟಗಾರರಲ್ಲ. ಅವರು ಪಳಗಿಸಿದ ಹುಡುಗಿ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚಿನ ಪದಕವನ್ನು ಕಳೆದುಕೊಂಡಳು. ಮರುವರ್ಷ ಭಾರತ ಸರಕಾರವು ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಆರಂಭಿಸಿದಾಗ ಮೊದಲ ಸಲ ಅದನ್ನು ಪಡೆದವರಲ್ಲಿ ನಂಬಿಯಾರರೂ ಒಬ್ಬರು. ಕಪ್ಪು ಗೆದ್ದವರೇ ಕಲಿಸಬಲ್ಲರೆಂಬ ನಮ್ಮ ಕಟ್ಟೆಯ ವಾದಕ್ಕೆ ಇದೇ ಉತ್ತರ. ಗೆಲ್ಲುವುದು ಒಂದು ವಿದ್ಯೆ, ಗೆಲ್ಲಿಸುವುದು ಇನ್ನೊಂದು. ಎರಡನೆಯದನ್ನು ಬೇರೆಯಾಗಿಯೇ ಕಲಿಯಬೇಕಾಗುತ್ತದೆ. 1961ರಲ್ಲಿ ಪಟಿಯಾಲಾದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರಿಗೆಂದೇ ಶಿಕ್ಷಣವಿರುವುದು ಈ ಕಾರಣದಿಂದ. ಅಲ್ಲಿಯ ಅರ್ಹತಾಪತ್ರ ಇದೆಯೇ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಇರಲಿ, ದ್ರೋಣಾಚಾರ್ಯರ ಹೆಸರು ಬಂದಾಗಲೆಲ್ಲ ನನಗೆ ಏಕಲವ್ಯನ ಹೆಬ್ಬೆರಳು ಕಣ್ಣಮುಂದೆ ಬರುತ್ತದೆ. ತಾನು ಕಲಿಸದ ವಿದ್ಯೆಗೆ ದಕ್ಷಿಣೆ ಕೇಳಿದ ಗುರು ಅವರು. ಒಬ್ಬ ಶಿಷ್ಯನಿಗೆ ಕೊಟ್ಟ ಮಾತನ್ನು ಉಳಿಸಲು ಇನ್ನೊಬ್ಬನ ಬೆರಳನ್ನು ತೆಗೆದುಕೊಂಡವರು. ಒಳ್ಳೆಯ ತರಬೇತುದಾರರಿಗೆ ಕೊಡುವ ಪ್ರಶಸ್ತಿಗೆ ಅವರ ಹೆಸರೇ ಏಕೆ ಬೇಕಾಯಿತೋ, ದೊಡ್ಡವರಿಗೆ ಗೊತ್ತು.

ತಮ್ಮನ ಮಗಳೊಡನೆ ನಾನು ಮೊದಲು ಹೋದದ್ದು ಹೆಸರಾಂತ ಒಬ್ಬರ ಬಳಿಗೆ. ಕೋಣೆಯ ಮೂರು ಗೋಡೆಗಳ ತುಂಬ ಕಪ್ಪುಗಳು, ಭಾವಚಿತ್ರಗಳು. ಎಲ್ಲ ಚಿತ್ರಗಳಲ್ಲಿಯೂ ಅವರು ನಡುವೆ ನಿಂತಿದ್ದರು. “ಎರಡು ವರ್ಷದಾಗ ರಾಜ್ಯಮಟ್ಟಕ್ಕ ಒಯ್ದು ನಿಲ್ಲಸ್ತೀನ್ರಿ ಸರ್. ಗ್ಯಾರಂಟಿ” ಎಂದರು. ಗಡಿಯಾರಕ್ಕೂ ಪಂಪಸೆಟ್ಟಿಗೂ ಗ್ಯಾರಂಟಿ ಕೊಡುವುದನ್ನು ಕೇಳಿದ್ದೆ. ಮಕ್ಕಳ ಕಾಲಿಗೆ ಕೊಡುವವರನ್ನು ಕಂಡದ್ದು ಅದೇ ಮೊದಲು. ವರ್ಷದ ಹಣವನ್ನು ಒಮ್ಮೆಗೇ ಕಟ್ಟಬೇಕೆಂದರು. ಮೇಜಿನ ಮೇಲಿದ್ದ ಒಂದು ಪುಡಿಯ ಡಬ್ಬಿಯನ್ನು ತೋರಿಸಿ, ಇದನ್ನು ದಿನಾಲು ಹಾಲಿನಲ್ಲಿ ಕೊಡಬೇಕು, ನಮ್ಮಲ್ಲಿಯೇ ಸಿಗುತ್ತದೆ ಎಂದರು. ಅದರಲ್ಲಿ ಏನಿದೆ ಎಂದು ಕೇಳಿದೆ. “ಶಕ್ತಿ ಬರ್ತದರಿ” ಎಂಬುದು ಉತ್ತರ. ಅರ್ಧ ಗಂಟೆ ಮಾತನಾಡಿದೆವು. ಅಷ್ಟರಲ್ಲಿ ಅವರು ಹುಡುಗಿಯತ್ತ ಒಮ್ಮೆಯೂ ನೋಡಲಿಲ್ಲ; ಅವಳು ಹೇಗೆ ಓಡುತ್ತಾಳೆಂದು ನೋಡುವ ಕುತೂಹಲವೂ ಅವರಿಗಿರಲಿಲ್ಲ.

ಆ ಡಬ್ಬಿಯ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯಕ. ಅಂಗಡಿಯಲ್ಲಿ ಮಾರುವ ಪುಡಿಗಳಲ್ಲಿ ಚೀಟಿಯ ಮೇಲೆ ಬರೆಯದ ನಿಷಿದ್ಧ ವಸ್ತುಗಳು ಬೆರೆತಿರುವುದುಂಟು. ನಮ್ಮ ದೇಶದಲ್ಲಿ ಇದನ್ನು ಪರೀಕ್ಷಿಸಲು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕವು 2005ರಲ್ಲಿ ಸ್ಥಾಪನೆಯಾಯಿತು. 2022ರಲ್ಲಿ ಅದಕ್ಕಾಗಿ ಕಾಯಿದೆಯೂ ಬಂದಿತು. ಪರೀಕ್ಷೆಯಲ್ಲಿ ನಿಷಿದ್ಧ ವಸ್ತು ಕಂಡುಬಂದರೆ ‘ನನಗೆ ಗೊತ್ತಿರಲಿಲ್ಲ, ಗುರುಗಳು ಕೊಟ್ಟರು’ ಎಂಬ ಮಾತು ಆಟಗಾರನನ್ನು ಹೊಣೆಯಿಂದ ಬಿಡಿಸುವುದಿಲ್ಲ. ತನ್ನ ದೇಹದಲ್ಲಿ ಏನು ಸೇರಿದೆಯೆಂಬುದಕ್ಕೆ ಅವನೇ ಉತ್ತರ ಕೊಡಬೇಕು. ಹೆಸರಿಡದೆ, ಕಾರಣ ಹೇಳದೆ ಪುಡಿಯನ್ನೋ ಗುಳಿಗೆಯನ್ನೋ ಕೈಗಿಡುವವರ ಮುಂದಿನಿಂದ ಎದ್ದುಬರುವುದು ಗುರುದ್ರೋಹವಲ್ಲ.

ಎರಡನೆಯವರು ಒಬ್ಬ ಮಹಿಳೆ. ಅವರಿಗೆ ಕೋಣೆಯಿರಲಿಲ್ಲ, ಮೈದಾನವಿತ್ತು. ನಾವು ಹೋದಾಗ ಇಪ್ಪತ್ತು ಮಕ್ಕಳು ಓಡುತ್ತಿದ್ದರು. ಅವರು ಕೊರಳಲ್ಲಿ ಸೀಟಿ ಹಾಕಿಕೊಂಡು ಗಡಿಯಾರ ಹಿಡಿದು ನಿಂತಿದ್ದರು. ನಮ್ಮನ್ನು ಕುಳ್ಳಿರಿಸಿ ಕೆಲಸ ಮುಗಿಯುವವರೆಗೆ ಕಾಯಿಸಿದರು. ಆ ಮುಕ್ಕಾಲು ಗಂಟೆ ನನಗೆ ಬಹಳ ಉಪಯೋಗವಾಯಿತು. ಅವರು ಗಟ್ಟಿಯಾಗಿ ಗದರಿಸಿದ್ದನ್ನೂ ಕಂಡೆ; ಗದರಿಸಿದ್ದು ಹುಡುಗರ ತಪ್ಪನ್ನು, ಹುಡುಗರ ಮನೆತನವನ್ನಲ್ಲ.

ಆಮೇಲೆ ಅವರು ನನ್ನನ್ನು ಬಿಟ್ಟು ಹುಡುಗಿಯನ್ನೇ ಮಾತನಾಡಿಸಿದರು. “ಓಡೂದು ನಿನಗ ಬೇಕಾಗೇದೋ, ನಿಮ್ಮ ಅಪ್ಪಗ ಬೇಕಾಗೇದೋ?”

“ನನಗರೀ” ಎಂದಳು.

ಎಷ್ಟು ಹೊತ್ತಿಗೆ ಮಲಗುತ್ತಾಳೆ, ಬೆಳಿಗ್ಗೆ ಏನು ತಿನ್ನುತ್ತಾಳೆ, ಹಿಂದೆ ಎಲ್ಲಿಯಾದರೂ ಪೆಟ್ಟಾಗಿದೆಯೇ, ಬಸ್ಸಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂದೆಲ್ಲ ಕೇಳಿದರು. ನನ್ನನ್ನು ತುಸು ದೂರ ಹೋಗಲು ಹೇಳಿ, ಹೆಣ್ಣುಮಕ್ಕಳಲ್ಲಿ ಕೇಳಬೇಕಾದ ಇನ್ನೆರಡು ಮಾತುಗಳನ್ನು ಕೇಳಿದರು. ಬಳಿಕ ಮೈದಾನವನ್ನು ನಾಲ್ಕು ಸುತ್ತು ಓಡಿಸಿದರು. ಮೂರನೆಯ ಸುತ್ತಿನಲ್ಲಿ ತಾವೂ ಪಕ್ಕದಲ್ಲಿ ಸ್ವಲ್ಪ ದೂರ ಓಡಿದರು.

“ದಮ್ಮು ಅದ. ಎಡಗೈ ಎದಿ ದಾಟಿ ಅಡ್ಡ ಹೊಂಟದ, ಅದರಾಗ ಭಾಳ ಶಕ್ತಿ ಹಾಳಾಗ್ತದ” ಎಂದರು. ಪದಕದ ಮಾತನ್ನು ನಾನೇ ತೆಗೆದೆ. “ಅದನ್ನ ನಾ ಹೇಳಲಾರೆ ಸರ್. ಒಂದು ವರ್ಷದಾಗ ಈಕಿ ಚೊಲೋ ಓಡೂದನ್ನ ಕಲೀತಾಳ. ನಡುವ ಈಕಿ ಮೈ ಬ್ಯಾರೆ ಆಟಕ್ಕ ಹೊಂದ್ತದಂತ ಅನಿಸಿದರ, ಅದನ್ನ ಕಲಸವ್ರ ಹತ್ತರ ನಾನೇ ಕಳಸ್ತೀನಿ” ಎಂದರು. ಹಣವನ್ನು ತಿಂಗಳಿಗೊಮ್ಮೆ ಕೊಟ್ಟರಾಯಿತು, ರಸೀದಿ ಕೊಡುತ್ತೇನೆ ಎಂದರು. ಕೊನೆಗೆ, ನಾನು ಕೇಳಬೇಕೆಂದು ಹೇಗೆ ಕೇಳಲಿ ಎಂದು ತಡವರಿಸುತ್ತಿದ್ದ ಮಾತನ್ನು ಅವರೇ ಹೇಳಿದರು: “ಮನಿಯವರು ಯಾವಾಗ ಬೇಕಾದರೂ ಬರ್ರಿ. ಹೇಳಿ ಬರೂದು ಬ್ಯಾಡ. ಬಂದು ಈ ಕಟ್ಟಿ ಮ್ಯಾಲೆ ಕುಂದರ್ರಿ.” ಮಕ್ಕಳನ್ನು ಬಿಡುವ ಸ್ಥಳವು ಹೀಗೆ ಬಯಲಾಗಿರಬೇಕು. ಪಾಲಕರು ಹೇಳದೆ ಬರಬಾರದು, ಒಳಗೆ ನಡೆದದ್ದನ್ನು ಮನೆಯಲ್ಲಿ ಹೇಳಬಾರದು ಎನ್ನುವ ಕಡೆ, ಕಲಿಸುವವರು ಎಷ್ಟೇ ದೊಡ್ಡವರಾಗಿರಲಿ, ಮಕ್ಕಳನ್ನು ಬಿಡಬಾರದು. ಈ ಒಂದು ವಿಷಯದಲ್ಲಿ ನಾನು ಯಾವ ರಿಯಾಯತಿಗೂ ಒಪ್ಪುವವನಲ್ಲ.

ಮರಳುವಾಗ ಬಸ್ಸಿನಲ್ಲಿ ಹುಡುಗಿಯನ್ನು ಕೇಳಿದೆ, ಯಾರ ಹತ್ತಿರ ಕಲಿಯುತ್ತೀ ಎಂದು. ನಾನು ರಸೀದಿಯನ್ನೂ ಅರ್ಹತೆಯನ್ನೂ ದಮ್ಮಿನ ಮಾತನ್ನೂ ಮನಸ್ಸಿನಲ್ಲಿ ತೂಗುತ್ತಿದ್ದೆ. ಅವಳು ಕಂಡದ್ದು ಬೇರೆ.

“ದೊಡ್ಡಪ್ಪಾ, ಓಡವ್ರೊಳಗ ಎಲ್ಲಾರಿಗಿಂತ ಹಿಂದ ಒಂದು ದಪ್ಪನ ಹುಡುಗಿ ಇತ್ತಲ್ಲ? ಮೇಡಮ್ ಆಕಿ ಮುಗಸೋತನಕ ಗಡಿಯಾರ ಬಂದ್ ಮಾಡಲಿಲ್ಲ. ಆಕಿ ಟೈಮನ್ನೂ ಬರಕೊಂಡ್ರು” ಎಂದಳು.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನಾನು ಮುಂದೆ ಓಡುತ್ತಿದ್ದವರನ್ನು ನೋಡುತ್ತಿದ್ದೆ.

ಈಗ ಅವಳು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗುತ್ತಾಳೆ. ಉಳಿದ ದಿನ ಊರ ಹೊರಗಿನ ದಾರಿಯಲ್ಲಿ, ಬರೆದುಕೊಟ್ಟಷ್ಟು ಮಾತ್ರ ಓಡುತ್ತಾಳೆ. ನಾಲ್ಕು ತಿಂಗಳಾದರೂ ಅವಳನ್ನು ಒಂದು ಸ್ಪರ್ಧೆಗೂ ಇಳಿಸಿಲ್ಲ. ತಮ್ಮನಿಗೆ ಇದರಿಂದ ಒಳಗೊಳಗೇ ಕಸಿವಿಸಿ. ಹತ್ತಿರದ ಊರಿನ ಹುಡುಗಿಯೊಬ್ಬಳು ಆ ಡಬ್ಬಿಯವರಲ್ಲಿ ಸೇರಿ ಆಗಲೇ ಎರಡು ಕಡೆ ಓಡಿ ಬಂದಳಂತೆ ಎಂದು ನನಗೆ ಕೇಳುವಂತೆ ಹೇಳುತ್ತಾನೆ. ನಾನು ಸುಮ್ಮನಿರುತ್ತೇನೆ. ಹುಡುಗಿಗೆ ಒಂದು ನೋಟುಬುಕ್ಕು ಕೊಟ್ಟಿದ್ದಾರೆ. ದಿನದ ಓಟ, ನಿದ್ದೆ, ನೋವು ಎಲ್ಲವನ್ನೂ ಅವಳು ಅದರಲ್ಲಿ ಬರೆಯಬೇಕು. ವಾರಕ್ಕೊಮ್ಮೆ ಅವರು ಓದಿ ಕೆಳಗೆ ಒಂದೆರಡು ಸಾಲು ಬರೆಯುತ್ತಾರೆ. ನಿನ್ನೆ ಅದನ್ನು ತೆಗೆದು ನೋಡಿದೆ. ಈ ವಾರದ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಹೀಗಿತ್ತು: ‘ಎಡಗೈ ಮೊದಲಿಗಿಂತ ಸುಧಾರಿಸಿದೆ. ದಣಿದಾಗ ಇನ್ನೂ ಅಡ್ಡ ಹೋಗುತ್ತದೆ. ಇನ್ನೊಂದು ತಿಂಗಳು ಇದೇ ಇರಲಿ.’